ಆರ್ಡಿತ್ ತನ್ನ ಮನೆಯ ಕಮಾನು ಬದಲಿಸಿದ್ದು

ಆರ್ಡಿತ್ ಕುಳಿತದ್ದನ್ನು ನಾನು ನೋಡಿದ್ದು ಅಪರೂಪ. ಟ್ರಕ್ಕಿಗೆ ಕಟ್ಟಿ ಎಳೆದು ತಂದ ಟ್ರೈಲರ್ ಮನೆಗಳ ನಮ್ಮ ಮರುಭೂಮಿಯ ಬಿಡಾರದಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಎಲ್ಲರೂ ತಂತಮ್ಮ ಮಡಚುಕುರ್ಚಿ ಹೊತ್ತುಕೊಂಡು ಮೇವಿಸ್ ಮುದುಕಿಯ ಟ್ರೈಲರ್ ಮುಂದೆ ಸೇರುವುದು ರೂಢಿ. ಆರ್ಡಿತ್ ಕೂಡ ಕುರ್ಚಿ ತರುತ್ತಾಳೆ, ಬಿಡಿಸಿ ಇಡುತ್ತಾಳೆ, ಆಮೇಲೆ ಅದರ ಬೆನ್ನಿಗೆ ಕೈಯೂರಿ ನಿಂತುಕೊಳ್ಳುತ್ತಾಳೆ. ಯಾರದೋ ಬಾಗಿಲು ಕಿರುಗುಟ್ಟಿದರೆ ಎಣ್ಣೆ ತರಲು ಹೊರಡುತ್ತಾಳೆ. ಯಾರದೋ ನೀರಿನ ಕೊಳವೆ ತೊಟ್ಟಿಕ್ಕುತ್ತಿದ್ದರೆ ಅದನ್ನು ಬಿಚ್ಚಿ ಹಾಕುತ್ತಾಳೆ. ಮಾಡಲು ಏನೂ ಸಿಗದಿದ್ದರೆ ಬೆಂಕಿಯೊಳಗಿನ ಕಟ್ಟಿಗೆಯನ್ನು ತಿರುವಿ ತಿರುವಿ ಹಾಕಿ, ಚೆನ್ನಾಗಿ ಉರಿಯುತ್ತಿದ್ದ ಬೆಂಕಿಯನ್ನು ನಂದಿಸಿಬಿಡುತ್ತಾಳೆ.

"ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದವಳು ನೀನು," ಎಂದು ಮೇವಿಸ್ ಅವಳ ಎದುರಿಗೇ ಹೇಳುತ್ತಿದ್ದಳು. "ನಿನ್ನಮ್ಮ ಹೆರೋವಾಗ ಪಾಪ ಎಷ್ಟು ಕಷ್ಟಪಟ್ಟಳೋ."

ನಾನು ರಾಯ್ಸ್. ಪೈಪ್‌ಲೈನುಗಳಿಗೆ ವೆಲ್ಡಿಂಗ್ ಮಾಡುತ್ತ ಕಣ್ಣು, ಬೆನ್ನು ಎರಡನ್ನೂ ಸವೆಸಿಕೊಂಡವನು. ಚಳಿಗಾಲ ಬಂತೆಂದರೆ ಅರಿಜೋನಾದ ಈ ಜಲ್ಲಿನೆಲಕ್ಕೆ ಬಂದು ಬಿಸಿಲಿಗೆ ಮೈಯೊಡ್ಡಿ ಬಿದ್ದುಕೊಳ್ಳುತ್ತೇನೆ. ಗದ್ದಲ ನನಗೆ ಆಗದು. ಆದರೂ ನನ್ನ ಪುಟ್ಟ ಟ್ರೈಲರಿನ ಪಕ್ಕದಲ್ಲೇ ಆರ್ಡಿತ್ ಮತ್ತು ಅವಳ ಗಂಡ ಲೋವೆಲ್ ತಮ್ಮ ಆನೆಗಾತ್ರದ ಟ್ರೈಲರ್ ತಂದು ನಿಲ್ಲಿಸಿದ್ದು ನನ್ನ ಹಣೆಬರಹ. ಪಿಕಪ್ಪಿನ ಬೆನ್ನ ಮೇಲೆ ಕುತ್ತಿಗೆ ಊರಿ ನಿಲ್ಲುವಂಥ ದೊಡ್ಡ ಜಾತಿ ಅದು. ಮಲಗುವ ಕೋಣೆ, ಅಡುಗೆಮನೆ, ಬೆಂಕಿಗೂಡಿನ ಮುಂದೆ ಎರಡು ಮೆತ್ತನೆ ಕುರ್ಚಿ, ಎಲ್ಲವೂ ಒಳಗಿದ್ದವು. ಊರಲ್ಲಿದ್ದ ಮನೆಯನ್ನು ಮಾರಿ ಅದನ್ನು ಕೊಂಡಿದ್ದರು. ಅಂದರೆ ಹಿಂದಿರುಗಿ ಹೋಗಲು ಅವರಿಗೆ ಬೇರೆ ಬಾಗಿಲು ಇರಲಿಲ್ಲ.

ಅವಳು ಸೌತ್ ಡಕೋಟಾದ ಬಯಲಿನಲ್ಲಿ ಶಾಲಾ ಬಸ್ಸು ಓಡಿಸಿದವಳು. ಕೆಲಸಕ್ಕೆ ಸೇರಿದ ದಿನ ಯಾವ ದಾರಿ ಕೊಟ್ಟರೋ ನಿವೃತ್ತಿಯ ದಿನವೂ ಅದೇ ದಾರಿ. ಅದೇ ಜೋಳದ ಹೊಲ, ಅದೇ ಧಾನ್ಯದ ಗೋಪುರ, ಅದೇ ತಿರುವು. "ಭೂಮಿಗೆ ಹಲವು ಸುತ್ತು ಬರೋವಷ್ಟು ಓಡಿಸಿದೀನಿ ರಾಯ್ಸ್, ಜಿಲ್ಲೆ ದಾಟಿಲ್ಲ," ಎಂದು ಒಮ್ಮೆ ಹೇಳಿದ್ದಳು. ಹೇಳುವಾಗ ನಗುತ್ತಿದ್ದಳು, ಆದರೆ ಕೈಯಲ್ಲಿದ್ದ ಪಾನಾ ಸುಮ್ಮನಿರಲಿಲ್ಲ. ಲೋವೆಲ್‌ನದು ಅದೇ ಊರಿನ ಮುಖ್ಯ ಬೀದಿಯಲ್ಲಿ ಕ್ಷೌರದಂಗಡಿ. ಅವನು ಒಂದೇ ಕುರ್ಚಿಯ ಹಿಂದೆ ನಿಂತ, ಊರೇ ಅವನ ಹತ್ತಿರ ಬಂತು. ಎಲ್ಲರ ಕತೆ ಕೇಳಿ ತನ್ನದನ್ನು ಹೇಳದೆ ಬದುಕಿದ ಮನುಷ್ಯ. ಕತ್ತರಿ ಹಿಡಿದವರಿಗೆ ಅದು ಅಭ್ಯಾಸವೇ ಆಗಿಬಿಡುತ್ತದೆ.

ಅವರ ಟ್ರೈಲರಿನ ಬಾಗಿಲ ಮೇಲೆ, ನಮ್ಮಲ್ಲಿ ಬಹಳ ಮಂದಿ ಅಂಟಿಸಿಕೊಳ್ಳುವಂಥದೇ, ದೇಶದ ನಕ್ಷೆಯೊಂದಿತ್ತು. ಟ್ರೈಲರ್ ಎಳೆದುಕೊಂಡು ಹೋಗಿ ಮಲಗಿ ಬಂದ ರಾಜ್ಯಕ್ಕೆ ಮಾತ್ರ ಬಣ್ಣದ ಚೀಟಿ ಹಚ್ಚಬೇಕು. ಮೋಸ ಮಾಡುವ ಹಾಗಿಲ್ಲ. ಆರ್ಡಿತ್‌ಳ ನಕ್ಷೆಯಲ್ಲಿ ಖಾಲಿ ಉಳಿದದ್ದು ಕಡಿಮೆ. ಮೂಲೆಯಲ್ಲಿ ಅಲಾಸ್ಕಾ ಬೆಳ್ಳಗೆ ಅಗಲವಾಗಿ ಕೂತು ಅವಳನ್ನು ಅಣಕಿಸುತ್ತಿತ್ತು.

ನಮ್ಮವರಲ್ಲಿ ಇನ್ನೊಂದು ಕ್ರಮವಿದೆ, ಅದನ್ನು ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ. ಬಿಡಾರ ಕಿತ್ತು ಹೊರಡುವ ದಿನ ಗಂಡಹೆಂಡಿರು ಕೆಲಸ ಹಂಚಿಕೊಳ್ಳುತ್ತಾರೆ. ಒಬ್ಬರದು ಒಳಗಿನದು: ಕಪಾಟುಗಳಿಗೆ ಕೊಕ್ಕೆ ಹಾಕುವುದು, ಪಾತ್ರೆಪಡಗ ಭದ್ರಮಾಡುವುದು, ಫ್ರಿಜ್ಜಿನ ಬಾಗಿಲು ಬಿಗಿಯುವುದು. ಇನ್ನೊಬ್ಬರದು ಹೊರಗಿನದು: ಚಕ್ರ, ಕೊಂಡಿ, ದೀಪ, ಬ್ರೇಕು. ಮುಗಿದ ಮೇಲೆ ಒಬ್ಬರು "ಒಳಗೆ ಆಯ್ತು" ಅನ್ನಬೇಕು, ಇನ್ನೊಬ್ಬರು "ಹೊರಗೆ ಆಯ್ತು" ಅನ್ನಬೇಕು. ಅಷ್ಟೇ. ಒಬ್ಬರ ಕೆಲಸವನ್ನು ಇನ್ನೊಬ್ಬರು ಹೋಗಿ ಪರೀಕ್ಷಿಸುವ ಹಾಗಿಲ್ಲ. ಪರೀಕ್ಷಿಸಿದರೆ ನಿನ್ನ ಮೇಲೆ ನಂಬಿಕೆಯಿಲ್ಲ ಎಂದು ಹೇಳಿದ ಹಾಗೆ. ಕೊಂಡಿಯನ್ನು ಎರಡನೇ ಸಲ ಮುಟ್ಟಿ ನೋಡಿದ್ದಕ್ಕೆ ಮುಖ ಊದಿಸಿಕೊಂಡು ಇಡೀ ನೆವಾಡಾ ದಾಟಿದ ದಂಪತಿಗಳನ್ನು ನಾನು ಬಲ್ಲೆ. ಆರ್ಡಿತ್ ಹೊರಗಿನವಳು, ಲೋವೆಲ್ ಒಳಗಿನವನು.

ಒಳಗೆ ಅವನಿಗೆ ಜೀವವಾಗಿದ್ದದ್ದು ಅವನ ತಾಯಿಯ ಹಸಿರು ಗಾಜಿನ ಕಪ್ಪುಗಳು. ಮೊದಲ ವರ್ಷಗಳಲ್ಲಿ ಅವನು ಪ್ರತಿ ಕಪ್ಪನ್ನೂ ಒಂದೊಂದು ಉಣ್ಣೆಯ ಕಾಲುಚೀಲದೊಳಗೆ ತೂರಿಸಿ, ಮೊಲದ ಮರಿಗಳನ್ನು ಮಲಗಿಸಿದ ಹಾಗೆ ಸಾಲಾಗಿ ಇಡುತ್ತಿದ್ದನಂತೆ. ಆದರೂ ಇತ್ತೀಚೆಗೆ ಅವು ಒಡೆಯತೊಡಗಿದ್ದವು. ಎಲ್ಲಿ ಹೋಗಿ ನಿಂತು ಬಾಗಿಲು ತೆರೆದರೂ ಕಾಲಿಗೆ ಹಸಿರು ಚೂರು. ಒಮ್ಮೆ ಹಿಡಿ ಮುರಿದಿರುತ್ತಿತ್ತು, ಒಮ್ಮೆ ಇಡೀ ಕಪ್ಪೇ ಪುಡಿ. ಲೋವೆಲ್ ಏನೂ ಹೇಳದೆ ಪೊರಕೆ ತರುತ್ತಿದ್ದ. ಅವನು ಏನೂ ಹೇಳದಿರುವುದು ಆರ್ಡಿತ್‌ಳ ಎದೆಗೆ ನಾಟುತ್ತಿತ್ತು, ಏಕೆಂದರೆ ಅಲುಗಾಟ ಹೊರಗಿನದು, ಹೊರಗಿನದು ಅವಳ ಪಾಲಿನದು.

ಜನವರಿಯ ಒಂದು ಮಧ್ಯಾಹ್ನ ಲೋವೆಲ್ ನನ್ನ ಕುತ್ತಿಗೆಗೆ ಬಟ್ಟೆ ಸುತ್ತಿ ಕೂದಲು ಕತ್ತರಿಸುತ್ತಿದ್ದ. ಸುತ್ತ ನಾಲ್ಕಾರು ಮಂದಿ ಸರದಿಗೆ ಕೂತಿದ್ದರು. ಮೇವಿಸ್ ಸುಮ್ಮನೆ ಬಾಯಿಚಪಲಕ್ಕೆ ಬಂದಿದ್ದಳು. ಆರ್ಡಿತ್ ಟ್ರೈಲರಿನ ಹೊಟ್ಟೆಯ ಕೆಳಗಿಂದ ತೆವಳಿ ಹೊರಬಂದು, ಬೆನ್ನಿನ ಧೂಳನ್ನೂ ಒರೆಸಿಕೊಳ್ಳದೆ ಕೈ ಚಾಚಿದಳು. ಅಂಗೈಯಲ್ಲಿ ಸವೆದು ಮೊಟ್ಟೆಯಾಕಾರವಾದ ಬೋಲ್ಟಿಗೆ ಹಾಕುವ ಬಳೆಯಂಥ ಒಂದು ಪ್ಲಾಸ್ಟಿಕ್ ಬುಷ್ ಇತ್ತು.

"ನೋಡು ರಾಯ್ಸ್. ಚಕ್ರದ ಸ್ಪ್ರಿಂಗ್ ಕಮಾನು ಕೂತ್ಕೊಳ್ಳೋ ಜಾಗದಲ್ಲಿ ಇದನ್ನ ಹಾಕಿ ಕಳಿಸಿದಾರೆ. ಇಷ್ಟು ದೊಡ್ಡ ಮನೆಗೆ ಆಟದ ಸಾಮಾನು."

"ಕಮಾನು ಹೇಗಿದೆ?" ಎಂದೆ.

"ಚಪ್ಪಟೆ. ನನ್ನ ಅತ್ತೆ ನಕ್ಕ ಹಾಗೆ."

ಲೋವೆಲ್‌ನ ಕತ್ತರಿ ಅರೆಕ್ಷಣ ನಿಂತು ಮತ್ತೆ ಶುರುವಾಯಿತು. ಆರ್ಡಿತ್ ಅವನ ಕಡೆ ತಿರುಗಿದಳು. "ಇದಕ್ಕೇ ನೋಡು ನಿನ್ನ ಕಪ್ಪು ಒಡೀತಿರೋದು. ಎಲ್ಲಾ ಬಿಚ್ಚಿ ಹೊಸದು ಹಾಕ್ತೀನಿ. ದಪ್ಪ ಕಮಾನು, ಹಿತ್ತಾಳೆ ಬುಷ್, ಮಧ್ಯದಲ್ಲಿ ರಬ್ಬರ್ ತುಂಬಿದ ತೂಗುಪಟ್ಟಿ, ನಾಲ್ಕೂ ಚಕ್ರಕ್ಕೆ ಶಾಕ್ ಅಬ್ಸಾರ್ಬರ್. ವಸಂತಕ್ಕೆ ಅಲಾಸ್ಕಾ."

"ಆ ದಾರಿ ಕೆಟ್ಟದಂತೆ," ಎಂದ ಲೋವೆಲ್. "ಹಿಮಕ್ಕೆ ನೆಲವೇ ಉಬ್ಬಿರುತ್ತಂತೆ. ಮನೆ ಹೀಗೆ ಕುಣಿಯೋದಾದ್ರೆ ನಾನು ಬರಲ್ಲ."

"ಕುಣಿಯದಿದ್ರೆ?"

"ಆಮೇಲೆ ನೋಡೋಣ."

"ಆಮೇಲೆ ನೋಡೋದಿಲ್ಲ. ಈಗ್ಲೇ ಹೇಳು, ಇಷ್ಟು ಜನರ ಮುಂದೆ. ಕುಣಿಯದಿದ್ರೆ ಬರ್ತೀಯೋ ಇಲ್ವೋ?"

ಅವನು ನನ್ನ ಕಿವಿಯ ಹಿಂದೆ ಕತ್ತರಿ ಆಡಿಸಿದ, ಕೂದಲು ಊದಿದ, ಬಾಚಣಿಗೆ ಒರೆಸಿದ. "ಬರ್ತೀನಿ," ಎಂದ.

"ಎಲ್ಲರೂ ಕೇಳಿಸಿಕೊಂಡ್ರಾ?" ಎಂದು ಆರ್ಡಿತ್ ಸುತ್ತ ನೋಡಿದಳು.

"ನನಗೆ ಕಿವಿ ಕೇಳಲ್ಲ, ಆದರೂ ಕೇಳಿಸ್ತು," ಎಂದಳು ಮೇವಿಸ್.

ಮರುದಿನವೇ ಕೆಲಸ ಹಿಡಿದಳು. ವೆಲ್ಡಿಂಗ್ ಬಲ್ಲವನು ಪಕ್ಕದಲ್ಲೇ ಇರುವಾಗ ಅವಳು ಕೇಳದೆ ಬಿಡುತ್ತಾಳೆಯೇ. ನಾನೂ ಸಿಕ್ಕಿಬಿದ್ದೆ. ಜಲ್ಲಿಯ ಮೇಲೆ ಜಾಕ್ ಇಟ್ಟರೆ ಅದು ಹೂತುಹೋಗುತ್ತದೆ, ಆದ್ದರಿಂದ ಹಳೆಯ ರೈಲುಹಳಿಯ ದಿಮ್ಮಿಗಳನ್ನು ಎಲ್ಲಿಂದಲೋ ಎಳೆದು ತಂದು ಅಡ್ಡಡ್ಡ ಪೇರಿಸಿದೆವು. ಆ ಆನೆಯನ್ನು ಅಂಗುಲ ಅಂಗುಲವಾಗಿ ಎತ್ತಿ, ಚಕ್ರ ಕಳಚಿ, ತುಕ್ಕು ಹಿಡಿದು ಮೊಂಡು ಹಿಡಿದ ಬೋಲ್ಟುಗಳನ್ನು ಕತ್ತರಿಸಿ ಹಾಕಿದೆವು. ಹಳೆಯದು ನಿಜಕ್ಕೂ ಸತ್ತೇಹೋಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಕಮಾನುಗಳನ್ನು ಹಿಡಿದಿದ್ದ ಪಟ್ಟಿಯ ತೂತು ಕಿತ್ತು ಹೋಗುವ ಹಂತದಲ್ಲಿತ್ತು. ಇನ್ನೊಂದು ಪ್ರವಾಸಕ್ಕೆ ಅದು ಹೆದ್ದಾರಿಯ ಮಧ್ಯದಲ್ಲೇ ಕೈಕೊಡುತ್ತಿತ್ತು.

ಆರ್ಡಿತ್ ಕೆಲಸ ಮಾಡುವುದನ್ನು ನೋಡುವುದೇ ಒಂದು ಆಯಾಸ. ಒಂದು ಬೋಲ್ಟು ಬಿಗಿಯುತ್ತಿರುವಾಗಲೇ ಇನ್ನೊಂದಕ್ಕೆ ಕಣ್ಣು. ನಾನು ಚಾಸಿಸಿಗೆ ಅಡ್ಡಪಟ್ಟಿ ವೆಲ್ಡ್ ಮಾಡಿ ಬಿಸಿ ಆರಲೆಂದು ಕಾಯುತ್ತಿದ್ದರೆ ಅವಳು ಆ ಹೊತ್ತಿನಲ್ಲಿ ನನ್ನ ಟ್ರೈಲರಿನ ಬ್ರೇಕನ್ನು ಬಿಚ್ಚಿಟ್ಟಿದ್ದಳು.

"ಅದಕ್ಕೆ ಏನಾಗಿತ್ತು ಮಾರಾಯ್ತಿ?"

"ಏನೂ ಆಗಿರಲಿಲ್ಲ. ನೋಡೋಣ ಅಂತ."

"ವಾಪಸ್ ಹಾಕು."

"ಹಾಕ್ತೀನಿ, ಹಾಕ್ತೀನಿ. ಎಲ್ಲಿಗೆ ಓಡಿಹೋಗ್ತೀಯ ನೀನು, ಚಕ್ರ ನನ್ನ ಹತ್ರ ಇದೆ."

ಅದೇ ದಿನಗಳಲ್ಲಿ ಲೋವೆಲ್ ಅರಳಿಕೊಂಡ. ಬೇರೆ ಮಾತು ನನಗೆ ತೋಚುತ್ತಿಲ್ಲ. ಮೆಟ್ಟಿಲು ತೆಗೆದಿದ್ದ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು ಶಿಳ್ಳೆ ಹಾಕುತ್ತಿದ್ದ. ಚೀಸ್ ಇಟ್ಟು ಸುಟ್ಟ ಬ್ರೆಡ್ಡು, ಫ್ಲಾಸ್ಕಿನ ತುಂಬ ಕಾಫಿ ಹೊತ್ತು ಹೊತ್ತಿಗೆ ನಮ್ಮ ಕೈಗೆ ಬರುತ್ತಿತ್ತು. ಬಣ್ಣದ ಹಳೆಯ ಡಬ್ಬಿಯೊಂದರಲ್ಲಿ ಮಣ್ಣು ತುಂಬಿ ಟೊಮೆಟೊ ಸಸಿ ನೆಟ್ಟ. "ಅವಸರ ಏನಿದೆ, ನಿಧಾನಕ್ಕೆ ಮಾಡಿ," ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಒಂದು ಸಲ ತಪ್ಪಾದ ಅಳತೆಯ ಕಮಾನು ಬಂದು ಅದನ್ನು ಹಿಂದಕ್ಕೆ ಕಳಿಸಬೇಕಾಯಿತು. ಆರ್ಡಿತ್ ಬೈದು ಬೈದು ಜಲ್ಲಿ ಒದ್ದಳು. ಲೋವೆಲ್ ಆ ಸಂಜೆ ಎಲ್ಲರಿಗೂ ಸೇಬಿನ ಪಾಯ್ ಮಾಡಿ ಹಂಚಿದ. ಹೆಂಡತಿಯನ್ನು ಸಮಾಧಾನ ಮಾಡಲು ಇರಬೇಕು ಎಂದುಕೊಂಡು ನಾನು ಎರಡು ತುಂಡು ತಿಂದೆ.

ಕೊನೆಗೂ ಚಕ್ರ ಕೂಡಿಸಿ ಇಳಿಸಿದೆವು. ಟ್ರೈಲರ್ ಹೊಸ ಕಮಾನಿನ ಮೇಲೆ ಮೊದಲಿಗಿಂತ ತುಸು ಎತ್ತರಕ್ಕೆ ನಿಂತಿತು. ಆರ್ಡಿತ್ ಬಂಪರಿನ ಮೇಲೆ ಹತ್ತಿ ಕುಪ್ಪಳಿಸಿದಳು. ಅದು ಒಮ್ಮೆ ಇಳಿದು, ಒಮ್ಮೆ ಏರಿ, ಸುಮ್ಮನಾಯಿತು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಿ ನಾನು ಬೇಕೆಂದೇ ಪಾನಾ ಹುಡುಕುವವನಂತೆ ಬಗ್ಗಿದೆ.

ಮರುದಿನ ಪರೀಕ್ಷೆ. ಬಿಡಾರದಿಂದ ಹಳೆಯ ಗಣಿಯ ತನಕ ಹೋಗುವ ಮಣ್ಣುದಾರಿಯೊಂದಿದೆ. ಬಟ್ಟೆ ಒಗೆಯುವ ಹಲಗೆಯಂತೆ ಉದ್ದಕ್ಕೂ ಅಲೆ ಅಲೆ, ನಡುವೆ ಒಂದು ಒಣಹಳ್ಳ ದಾಟಬೇಕು. ಅದರಲ್ಲಿ ಹೋಗಿಬಂದರೆ ಅಲಾಸ್ಕಾ ಏನೂ ಅಲ್ಲ ಎಂದಳು ಆರ್ಡಿತ್. ಇಡೀ ಬಿಡಾರ ನೋಡಲು ಸೇರಿತು. ಲೋವೆಲ್ ಒಳಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಹೊರಬಂದು, "ಒಳಗೆ ಆಯ್ತು," ಎಂದ. ಆರ್ಡಿತ್ ಚಕ್ರಗಳಿಗೆ ಒಂದು ಸುತ್ತು ಬಂದು, "ಹೊರಗೆ ಆಯ್ತು," ಎಂದಳು.

"ನಿಲ್ಲಿ, ನನ್ನದೂ ಒಂದು ಆಗಲಿ," ಎಂದು ಮೇವಿಸ್ ತನ್ನ ಟ್ರೈಲರಿನಿಂದ ಒಂದು ಹಸಿ ಮೊಟ್ಟೆ ಹಿಡಿದು ಬಂದಳು. ಮೆಟ್ಟಿಲು ಹತ್ತಿ ಒಳಗೆ ಹೋಗಿ, ಅಡುಗೆಕಟ್ಟೆಯ ಮೇಲೆ ಸೂಪಿನ ತಟ್ಟೆಯೊಂದರಲ್ಲಿ ಅದನ್ನು ಇಟ್ಟು ಬಂದಳು. "ಇದು ಒಡೆಯದೆ ಬಂದ್ರೆ ನಾನು ಒಪ್ತೀನಿ. ಒಡೆದ್ರೆ ಆರ್ಡಿತ್ ನನಗೆ ಒಂದು ಡಜನ್ ಕೊಡಬೇಕು."

ಲೋವೆಲ್ ಮೊಟ್ಟೆಯ ವಿಷಯ ಕೇಳಿ ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟ. ಆಮೇಲೆ ಹಿಂದೆ ಸರಿದ.

"ಬಾ, ಹತ್ತು," ಎಂದಳು ಆರ್ಡಿತ್.

"ನೀವಿಬ್ಬರೂ ಹೋಗಿಬನ್ನಿ. ನಾನು ಗಿಡಕ್ಕೆ ನೀರು ಹಾಕಬೇಕು."

ನಾನು ಅವಳ ಪಕ್ಕದಲ್ಲಿ ಕೂತೆ. ಟ್ರಕ್ಕಿನ ಸೀಟಿನಲ್ಲೂ ಅವಳು ಕೂತಂತಿರುವುದಿಲ್ಲ, ಅರ್ಧ ಎದ್ದೇ ಇರುತ್ತಾಳೆ. ಅಲೆದಾರಿಗೆ ಇಳಿದಾಗ ಉಸಿರು ಹಿಡಿದಳು. ಮೊದಲೆಲ್ಲ ಆ ಟ್ರೈಲರು ಹಿಂದಿನಿಂದ ಗುದ್ದಿ ಗುದ್ದಿ ಟ್ರಕ್ಕನ್ನೇ ಎತ್ತಿ ಹಾಕುತ್ತಿತ್ತಂತೆ. ಈಗ ಸಾಕಿದ ಹಸುವಿನಂತೆ ಹಿಂದೆ ಬರುತ್ತಿತ್ತು. ಒಣಹಳ್ಳದಲ್ಲಿ ಒಂದು ಪಕ್ಕಕ್ಕೆ ವಾಲಿ, ನಿಧಾನವಾಗಿ ಎದ್ದು, ದಡ ಹತ್ತಿತು. ಗಣಿಯ ಹತ್ತಿರ ತಿರುಗಿಸಿಕೊಂಡು ಅದೇ ಹಳ್ಳ ದಾಟಿ ಹಿಂದೆ ಬಂದೆವು. ದಾರಿಯುದ್ದಕ್ಕೂ ಅವಳು ಊರುಗಳ ಹೆಸರು ಹೇಳುತ್ತಿದ್ದಳು, ಎಲ್ಲಿ ರಾತ್ರಿ ನಿಲ್ಲುವುದು, ಎಲ್ಲಿ ಡೀಸೆಲ್ ತುಂಬುವುದು, ಲೋವೆಲ್‌ಗೆ ಎಲ್ಲಿ ಮೀನು ತಿನ್ನಿಸುವುದು. ಅಷ್ಟು ಸಂತೋಷದ ಹೆಂಗಸನ್ನು ನಾನು ಅಷ್ಟು ಹತ್ತಿರದಿಂದ ನೋಡಿ ಬಹಳ ಕಾಲವಾಗಿತ್ತು.

ನಿಲ್ಲಿಸಿದ ಕೂಡಲೇ ಮೇವಿಸ್ ಮೊದಲು ಹತ್ತಿ ಬಾಗಿಲು ತೆರೆದು ಕತ್ತು ಚಾಚಿದಳು. "ಮೊಟ್ಟೆ ಹಾಗೇ ಇದೆ ಕಣ್ರೇ," ಎಂದು ಕೂಗಿದಳು. ಹಿಂದಿದ್ದವರು ಚಪ್ಪಾಳೆ ತಟ್ಟಿದರು. ಆಮೇಲೆ ಅವಳು ಕೆಳಗೆ ನೋಡಿದಳು, ನಮಗೆ ದಾರಿ ಬಿಟ್ಟು ಸರಿದಳು.

ನಾನೂ ಆರ್ಡಿತ್‌ಳೂ ಒಳಗೆ ಹೋದೆವು. ಕಟ್ಟೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಮೊಟ್ಟೆ, ಒಂದು ಬಿರುಕೂ ಇಲ್ಲ. ನೆಲದ ತುಂಬ ಹಸಿರು ಗಾಜು. ಮೇಲಿನ ಕಪಾಟಿನ ಬಾಗಿಲು ತೆರೆದುಕೊಂಡು ಜೋತಾಡುತ್ತಿತ್ತು. ಹಳ್ಳದಲ್ಲಿ ವಾಲಿದಾಗ ಜಾರಿರಬೇಕು. ಆರ್ಡಿತ್ ಆ ಕಪಾಟಿನ ಹಿತ್ತಾಳೆ ಕೊಕ್ಕೆಯನ್ನು ಬೆರಳಲ್ಲಿ ಹಿಡಿದು ನೋಡಿದಳು. ಮುರಿದಿರಲಿಲ್ಲ. ಬಾಗಿಲು ಮುಚ್ಚಿ ಕೊಕ್ಕೆ ಹಾಕಿ ಜಗ್ಗಿದಳು. ಅಲುಗಲಿಲ್ಲ. ಎರಡೂ ಕೈ ಹಾಕಿ ಜಗ್ಗಿದಳು. ಆಗಲೂ ಅಲುಗಲಿಲ್ಲ.

ಬಾಗಿಲಲ್ಲಿ ಲೋವೆಲ್ ನಿಂತಿದ್ದ, ಕೈಯಲ್ಲಿ ನೀರು ಹಾಕುವ ಚೊಂಬು.

"ಕಾಲುಚೀಲ ಎಲ್ಲಿ?" ಎಂದು ಕೇಳಿದಳು. ದನಿ ಏರಿಸಲಿಲ್ಲ.

"ಕಾಲಲ್ಲಿದೆ," ಎಂದ ಲೋವೆಲ್.

ಮೇವಿಸ್ ನನ್ನ ತೋಳು ಹಿಡಿದು ಹೊರಗೆ ಎಳೆಯಲು ನೋಡಿದಳು. ನಾನು ಹೋಗಬೇಕಿತ್ತು. ಆದರೆ ಲೋವೆಲ್ ಬಾಗಿಲಿಗೆ ಅಡ್ಡ ನಿಂತಿದ್ದ, ಅವನನ್ನು ಸರಿಸಿ ಹೋಗಲು ನನ್ನಿಂದ ಆಗಲಿಲ್ಲ.

"ಯಾವಾಗಿಂದ ಇದು?"

"ಅಮರಿಲ್ಲೋ ಊರು ದಾಟಿದ ಮೇಲಿಂದ."

"ಎರಡು ವರ್ಷ ಆಯ್ತು ಅದು ದಾಟಿ." ಅವಳು ಕಟ್ಟೆಯ ಅಂಚು ಹಿಡಿದುಕೊಂಡಳು. "ಬಾಯಲ್ಲಿ ಹೇಳೋಕೆ ಏನಾಗಿತ್ತು ನಿನಗೆ?"

"ಹೇಳಿದೆ. ಸಾಕು, ಎಲ್ಲಾದ್ರೂ ನಿಲ್ಲೋಣ ಅಂತ ಅಮರಿಲ್ಲೋದಲ್ಲಿ ಹೇಳಿದೆ. ನೀನು ನಕ್ಷೆ ನೋಡ್ತಿದ್ದೆ. ಹೂಂ ಅಂದೆ. ಬೆಳಿಗ್ಗೆ ಎದ್ದು ಹೊರಟೆ."

"ಅದಕ್ಕೆ ನಿನ್ನ ತಾಯಿಯ ಕಪ್ಪು ಒಡೆದುಹಾಕಿದ್ಯಾ?"

"ಕೈಯಾರೆ ಒಡೆಯೋಕೆ ನನ್ನಿಂದ ಆಗಲ್ಲ ಆರ್ಡಿತ್. ಕೊಕ್ಕೆ ಹಾಕೋದು ಬಿಟ್ಟೆ, ಅಷ್ಟೆ."

"ಅಷ್ಟೆ," ಎಂದು ಅವಳು ಪುನಃ ಹೇಳಿದಳು. "ಚಳಿಗಾಲವೆಲ್ಲ ಆ ಜಲ್ಲಿ ಮೇಲೆ ಬೆನ್ನು ಹಾಕ್ಕೊಂಡು ಬಿದ್ದಿದ್ದೆ ನಾನು. ನೀನು ಬಂದು ಬಂದು ಕಾಫಿ ಕೊಡ್ತಿದ್ದೆ."

"ಚಕ್ರ ಬಿಚ್ಚಿಟ್ಟಿದ್ದ ಆ ದಿನಗಳಷ್ಟು ಚೆನ್ನಾಗಿ ನಾನು ಇತ್ತೀಚೆಗೆ ಬದುಕಿಲ್ಲ," ಎಂದ ಲೋವೆಲ್. ಹೇಳಿ, ಚೊಂಬನ್ನು ಕೆಳಗಿಟ್ಟು, ಪೊರಕೆ ಹುಡುಕತೊಡಗಿದ.

ಪೊರಕೆಯನ್ನು ಅವಳು ಅವನ ಕೈಯಿಂದ ಕಿತ್ತುಕೊಂಡಳು. ತಾನೇ ಗುಡಿಸಿದಳು. ಗುಡಿಸಿದ ಜಾಗವನ್ನೇ ಗುಡಿಸಿದಳು.

ನನಗೆ ಲೋವೆಲ್ ಮೇಲೆ ಬಂದ ಸಿಟ್ಟು ಸಣ್ಣದಲ್ಲ. ನನ್ನ ವೆಲ್ಡಿಂಗ್ ರಾಡುಗಳು, ನನ್ನ ಸೊಂಟ, ನಾನು ತಿಂದ ಆ ಪಾಯ್, ಎಲ್ಲ ನೆನಪಾಗಿ ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಆದರೆ ಯೋಚಿಸಿದಂತೆಲ್ಲ ಆ ಮನುಷ್ಯ ತನಗೆ ಎಲ್ಲಕ್ಕಿಂತ ಪ್ರಿಯವಾದುದನ್ನೇ ಒಂದೊಂದಾಗಿ ಬೆಲೆ ತೆತ್ತು "ನಿಲ್ಲೋಣ" ಎಂಬ ಒಂದು ಮಾತನ್ನು ಕೇಳಿಸಲು ನೋಡಿದ್ದ ಅನ್ನಿಸಿತು. ಅವಳೋ ಪ್ರತಿ ಚೂರಿಗೂ ತನ್ನದೇ ತಪ್ಪೆಂದು ಕಮಾನಿನ ಕೆಳಗೆ ತೆವಳಿದ್ದಳು. ಇಬ್ಬರಲ್ಲಿ ಯಾರ ಪರ ಹಿಡಿಯುವುದೆಂದು ತಿಳಿಯದೆ ನಾನು ನನ್ನ ಟ್ರೈಲರಿನ ಬಾಗಿಲು ಹಾಕಿಕೊಂಡೆ.

ಆಮೇಲಿನ ವಾರಗಳಲ್ಲಿ ಅವಳ ಚಡಪಡಿಕೆ ನೋಡುವಂತಿರಲಿಲ್ಲ. ಗ್ರೀಸ್ ತುಂಬಿದ್ದ ಬುಷ್‌ಗಳಿಗೇ ಮತ್ತೆ ಗ್ರೀಸ್ ತುಂಬಿದಳು, ಅದು ಉಕ್ಕಿ ಜಲ್ಲಿಗೆ ಸುರಿಯಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಒಳಗಿನ ಕಪಾಟುಗಳನ್ನು ತಾನೇ ಹೋಗಿ ಜಗ್ಗಿ ನೋಡತೊಡಗಿದಳು. ಟ್ರೈಲರ್ ನಿಂತಲ್ಲೇ ನಿಂತಿದೆ, ಎಲ್ಲಿಗೂ ಹೊರಟಿಲ್ಲ, ಆದರೂ ದಿನಕ್ಕೆ ಎಷ್ಟೋ ಸಲ ಆ ಕೊಕ್ಕೆಗಳ ಟಕ್ ಟಕ್ ಸದ್ದು ನನಗೆ ಕೇಳುತ್ತಿತ್ತು. ಲೋವೆಲ್ ಹೊರಗೆ ಕುರ್ಚಿಯಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದ. ಪ್ರತಿ ಸದ್ದಿಗೂ ಅವನ ಭುಜ ಚೂರು ಕುಗ್ಗುತ್ತಿತ್ತು.

ಏಪ್ರಿಲ್ ಬಂತು. ಬಿಸಿಲಿಗೆ ಬಿಡಾರ ಕರಗತೊಡಗಿತು. ಬೇಸಿಗೆಗೆ ನಾನು ಚೀನೋ ವ್ಯಾಲಿಯ ನನ್ನ ಜಾಗಕ್ಕೆ ಹೋಗುತ್ತೇನೆ, ಅಲ್ಲಿ ಗಾಳಿ ತಂಪು, ಹಿತ್ತಲಲ್ಲಿ ಒಂದು ಖಾಲಿ ಕೋಣೆಯೂ ಇದೆ. ಒಂದು ಸಂಜೆ ಆರ್ಡಿತ್ ಬಂದು ನನ್ನ ಮುಂದೆ ನಿಂತಳು.

"ಆ ಕೋಣೆ ಲೋವೆಲ್‌ಗೆ ಕೊಡ್ತೀಯಾ?"

"ಮತ್ತೆ ನೀನು?"

"ನಾನು ಹೋಗ್ತೀನಿ. ಅವನು ಕೊಟ್ಟ ಮಾತು ವಾಪಸ್ ಕೊಟ್ಟಿದೀನಿ. ಬರ್ತೀನಿ ಅಂತಲೇ ಅಂದ, ಪಾಪ. ಬೇಡ ಅಂದೆ." ಕಾಲಲ್ಲಿ ಜಲ್ಲಿ ಕೆದಕಿದಳು. "ನಿಲ್ಲೋಕೆ ನನಗೆ ಬರಲ್ಲ ರಾಯ್ಸ್. ಪ್ರಯತ್ನ ಮಾಡಿದೆ. ನೀನೇ ನೋಡಿದೀಯಲ್ಲ. ಶರತ್ಕಾಲಕ್ಕೆ ವಾಪಸ್ ಬರ್ತೀನಿ. ಬಂದಾಗ ಅವನು ಇನ್ನೂ ಬೇಕು ಅಂದ್ರೆ..."

ಹೋಗಿ ಯಾರದೋ ಕುರ್ಚಿಯ ಸ್ಕ್ರೂ ಬಿಗಿದಳು.

ಚೀನೋ ವ್ಯಾಲಿಗೆ ನಾವು ಒಟ್ಟಿಗೇ ಹೋದೆವು. ಲೋವೆಲ್ ಇಳಿಸಿಕೊಂಡದ್ದು ಒಂದು ಪೆಟ್ಟಿಗೆ, ಕತ್ತರಿ ಬಾಚಣಿಗೆಯ ಚೀಲ, ಟೊಮೆಟೊ ಡಬ್ಬಿ. ಉಳಿದ ಕಪ್ಪುಗಳನ್ನು ಇಳಿಸಿಕೋ ಎಂದು ಆರ್ಡಿತ್ ಹೇಳಿದಳು. "ನಿನ್ನ ಹತ್ರಾನೇ ಇರಲಿ," ಎಂದ. ಬೆಳಿಗ್ಗೆ ಅವಳು ಹೊರಡುವ ಹೊತ್ತಿಗೆ ಲೋವೆಲ್ ಟ್ರೈಲರಿನ ಮೆಟ್ಟಿಲ ಹತ್ತಿರ ಬಂದು ನಿಂತ.

"ಒಳಗಿಂದು ನಾನು ಮಾಡ್ತೀನಿ," ಎಂದ.

ಆರ್ಡಿತ್ ಅವನ ಮುಖ ನೋಡಿದಳು. ತಾನು ಆಗಲೇ ಎಲ್ಲವನ್ನೂ ಜಗ್ಗಿ ನೋಡಿಯಾಗಿದೆ ಎಂದು ಹೇಳಬಹುದಿತ್ತು. ನಿಜವೂ ಅದೇ ಆಗಿತ್ತು, ಮುಂಜಾನೆಯೇ ನಾನು ಟಕ್ ಟಕ್ ಕೇಳಿದ್ದೆ. "ಮಾಡು," ಎಂದಳು.

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬಹಳ ಹೊತ್ತಾಯಿತು. ಅವಳು ಚಕ್ರಗಳ ಸುತ್ತ ಬಂದಳು, ಕೊಂಡಿ ನೋಡಿದಳು, ಮತ್ತೆ ಚಕ್ರಗಳ ಸುತ್ತ ಬಂದಳು. ಕೊನೆಗೆ ಅವನು ಹೊರಬಂದು, ಅವಳ ಕಡೆ ನೋಡದೆ, "ಒಳಗೆ ಆಯ್ತು," ಎಂದ.

ಅವಳ ಒಂದು ಕಾಲು ಮೆಟ್ಟಿಲ ಮೇಲಿತ್ತು, ಕೈ ಬಾಗಿಲ ಹಿಡಿಯ ಮೇಲೆ. ಒಳಗೆ ಹೋಗಿ ಒಮ್ಮೆ ಜಗ್ಗಿ ನೋಡಲು ಅವಳ ಜೀವ ಒದ್ದಾಡುತ್ತಿದ್ದದ್ದು ನನಗೆ ದೂರದಿಂದಲೇ ಕಾಣುತ್ತಿತ್ತು. ಲೋವೆಲ್‌ಗೂ ಕಾಣುತ್ತಿತ್ತು, ಅವನು ಟೊಮೆಟೊ ಡಬ್ಬಿಯನ್ನೇ ನೋಡುತ್ತ ನಿಂತಿದ್ದ. ಅವಳು ಕಾಲು ಇಳಿಸಿದಳು. ಮೆಟ್ಟಿಲು ಮಡಚಿದಳು. ಬೀಗ ಹಾಕಿದಳು.

"ಹೊರಗೆ ಆಯ್ತು," ಎಂದಳು. ಹೊರಟೇಹೋದಳು. ರಸ್ತೆಯ ಗುಂಡಿಯ ಮೇಲೆ ಆ ಟ್ರೈಲರ್ ಒಂದಿಷ್ಟೂ ಕುಲುಕದೆ ಸಾಗಿತು. ಅದನ್ನು ನೋಡಿ ನನಗೆ ಹೆಮ್ಮೆಯೂ ಆಯಿತು, ಬೇಸರವೂ ಆಯಿತು.

ಸಂಜೆ ಫೋನು ಬಂತು. ಯೂಟಾದ ಗಡಿ ದಾಟಿ ಕನಾಬ್ ಊರಿನಲ್ಲಿ ನಿಂತಿದ್ದಳು.

"ಲೋವೆಲ್ ಎಲ್ಲಿ?"

"ಹಿತ್ತಲಲ್ಲಿ. ಟೊಮೆಟೊನ ಡಬ್ಬಿಯಿಂದ ತೆಗೆದು ನೆಲಕ್ಕೆ ಹಾಕ್ತಿದಾನೆ. ಕರೀಲಾ?"

"ಕರೀಬೇಡ. ಅವನ ಕಾಲು ನೋಡು."

"ಕಾಲಿಗೇನಾಗಿದೆ?"

"ನೋಡು ಅಂದೆನಲ್ಲ, ನೋಡೋ."

ಕಿಟಕಿಯಿಂದ ನೋಡಿದೆ. ಮೊಣಕಾಲೂರಿ ಮಣ್ಣು ಒತ್ತುತ್ತಿದ್ದ. ಪ್ಯಾಂಟು ಮೇಲೆ ಸರಿದಿತ್ತು. ಬೂಟಿನ ಮೇಲೆ ಅವನ ಬೆಳ್ಳನೆಯ ಕಾಲಗಂಟು ಬತ್ತಲೆಯಾಗಿತ್ತು. "ಕಾಲುಚೀಲ ಹಾಕಿಲ್ಲ," ಎಂದೆ.

"ಒಂದು ಜೊತೆನೂ ಉಳಿಸಿಕೊಂಡಿಲ್ಲ ಅವನು," ಎಂದಳು ಆರ್ಡಿತ್. "ಕಪ್ಪಿಗಷ್ಟೇ ಅಲ್ಲ. ನನ್ನ ಕಾಫಿ ಲೋಟಕ್ಕೂ ಹಾಕಿದಾನೆ, ಉಪ್ಪಿನ ಡಬ್ಬಿಗೂ. ಮೇವಿಸ್ ಮೊಟ್ಟೆ ಇಟ್ಟಿದ್ಲಲ್ಲ, ಆ ತಟ್ಟೆಗೆ ಎರಡು."

ಆಮೇಲೆ ಫೋನಿನಲ್ಲಿ ಏನೂ ಕೇಳಿಸಲಿಲ್ಲ. ಕುರ್ಚಿ ಎಳೆಯುವ ಸದ್ದಿಲ್ಲ, ಡಬ್ಬಿ ಮುಚ್ಚಳದ ಸದ್ದಿಲ್ಲ, ಹೆಜ್ಜೆಯ ಸದ್ದೂ ಇಲ್ಲ. ಅವಳ ಕಡೆಯಿಂದ ಅಂಥ ಮೌನವನ್ನು ನಾನು ಎಂದೂ ಕೇಳಿರಲಿಲ್ಲ, ಹೆದರಿಕೆಯಾಯಿತು.

"ಆರ್ಡಿತ್, ಏನ್ ಮಾಡ್ತಿದೀಯ ಅಲ್ಲಿ?"

"ಕೂತಿದೀನಿ," ಎಂದಳು. "ನೆಲದ ಮೇಲೆ ಕೂತಿದೀನಿ, ರಾಯ್ಸ್. ಎಲ್ಲಾ ಬಿಚ್ಚಿ ಮಡಿಲಲ್ಲಿ ಹಾಕ್ಕೊಂಡು ಕೂತಿದೀನಿ. ಅಲ್ಲಿ ರಾತ್ರಿ ಚಳಿ ಬೀಳುತ್ತೆ, ಅವನಿಗೆ ನಿ‌ನ್ನದೊಂದು ಜೊತೆ ಕೊಡು."